ಥಪ್ ಎಂದ ಬಾನೆಟ್ಟು

ನಾನು ಒಂದು ಕಾರಿನ ಬಾನೆಟ್ಟು. ತಗಡಿನದಲ್ಲ, ಕಾರ್ಬನ್ ಫೈಬರಿನದು. ಕಪ್ಪು ನೂಲಿನ ಅರಿವೆಯನ್ನು ಪದರ ಪದರವಾಗಿ ಅಚ್ಚಿನಲ್ಲಿ ಹಾಸಿ, ಅಂಟು ಕುಡಿಸಿ, ಬಿಸಿಯಲ್ಲಿ ಬೇಯಿಸಿ ನನ್ನನ್ನು ಮಾಡಿದವಳು ಬೆಳಗಾವಿಯ ಕಸ್ತೂರಿ. ರ‍್ಯಾಲಿ ಕಾರು ಓಡಿಸುವುದು ಅವಳ ಹುಚ್ಚು. ತೂಕದಲ್ಲಿ ನಾನು ತಗಡಿನ ಅರ್ಧವೂ ಇಲ್ಲ, ಜಂಬದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ.

ಅವಳ ಅಪ್ಪ ಫಕೀರಪ್ಪನವರದು ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿ. ಅಚ್ಚಿನಿಂದ ತೆಗೆದ ಎರಕವನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು ಅವರ ಪದ್ಧತಿ. ಠಣ್ ಎಂದರೆ ಗಟ್ಟಿ, ಇಲ್ಲದಿದ್ದರೆ ಬಿರುಕು. ನನ್ನನ್ನೂ ತಟ್ಟಿದರು. ನಾನು ಥಪ್ ಎಂದೆ.

"ದನಿನ ಇಲ್ಲವ್ವಾ ಇದಕ್ಕ. ಅರಿವಿ ಹೋಗಿ ಕಬ್ಬಿಣ ಆಗತೈತೇನು? ಥಂಡಿಗೆ ಹಪ್ಪಳ ಆಗತೈತಿ" ಎಂದರು.

"ಅಪ್ಪಾ, ನೀನ ಬಂದ ನೋಡು" ಎಂದಳು ಮಗಳು.

ಹೀಗೆ ನನ್ನ ಸೋಲನ್ನು ಕಣ್ಣಾರೆ ನೋಡಲೆಂದೇ ಅವರು ಆ ಸಲದ ರ‍್ಯಾಲಿ ನಡೆಯಲಿದ್ದ ಹಿಮಾಚಲಕ್ಕೆ ಬಂದರು. ಅಲ್ಲಿನ ಚಳಿಗೆ ಬಾಟಲಿಯ ನೀರು ಕಲ್ಲಾಗುತ್ತಿತ್ತು. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು ನನ್ನನ್ನು ಹಿಡಿದಿದ್ದ ಕಬ್ಬಿಣದ ಪಿನ್ನುಗಳನ್ನು ತಿಂದಿತು. ನನ್ನ ಮೈಗೆ ತುಕ್ಕು ಎಲ್ಲಿಂದ ಬರಬೇಕು? ಬಿಸಿಲಿಗೆ ಮೇಲಿನ ಹೊಳಪು ಹಳದಿಗಟ್ಟಿತು, ಅಷ್ಟೇ.

ಒಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರೇ ರ‍್ಯಾಲಿಯ ದಾರಿ ನೋಡಿಕೊಂಡು ಬರಲು ಹೊರಟಾಗ, ಘಟ್ಟದ ಮೇಲೆ ಕಾರು ಹಿಮದಲ್ಲಿ ಹೂತುಹೋಯಿತು. ತಳ್ಳಲು ಇಳಿದ ಫಕೀರಪ್ಪನವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಫೋನಿಗೆ ಸಿಗ್ನಲ್ ಇರಲಿಲ್ಲ. ಹಿಮ ಬೀಳುತ್ತಲೇ ಇತ್ತು. ರಸ್ತೆ ತೆರವು ಮಾಡುವವರ ಶಿಬಿರ ಕೆಳಗಿನ ಕಣಿವೆಯಲ್ಲಿತ್ತು. ಕತ್ತಲಾಗುವ ಮೊದಲು ಅಲ್ಲಿಗೆ ಮುಟ್ಟದಿದ್ದರೆ ಅಪ್ಪ ಉಳಿಯುವುದಿಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು. ತುಕ್ಕು ಹಿಡಿದ ಪಿನ್ನುಗಳನ್ನು ಸ್ಪ್ಯಾನರಿನಿಂದ ಬಡಿದು ನನ್ನನ್ನು ಕಿತ್ತಳು. ಅಂಗಾತ ಹಾಕಿ, ಅಪ್ಪನನ್ನು ಮಲಗಿಸಿ, ಹಗ್ಗ ಕಟ್ಟಿ ಎಳೆದಳು.

"ಹಾಸಿಗಿ ಇದ್ದಷ್ಟ ಕಾಲ ಚಾಚಬೇಕಂತ. ಈ ಹಾಸಿಗ್ಯಾಗ ನನ್ನ ಕಾಲ ಹಿಡೀವಲ್ದು" ಎಂದು ಅವರು ನೋವಿನಲ್ಲೂ ನಕ್ಕರು. ಅವಳು ನಗಲಿಲ್ಲ.

ಇಳಿಜಾರಿನಲ್ಲಿ ಕಲ್ಲುಗಳು ನನ್ನ ಮೈ ಗೀರಿದವು. ಒಂದು ತಿರುವಿನಲ್ಲಿ ಹಗ್ಗ ಅವಳ ಕೈ ಜಾರಿ, ನಾನು ಹೋಗಿ ಬಂಡೆಗೆ ಬಡಿದೆ. ಅಲ್ಲಿಯವರೆಗೆ ಗಾಳಿಯನ್ನು ಮಾತ್ರ ಎದುರಿಸಿದವನು ನಾನು, ಜೀವ ಹೊತ್ತದ್ದು ಅದೇ ಮೊದಲು. ನನಗೂ ಹೆದರಿಕೆಯಾಯಿತು. ಆದರೂ ಬಾಗಿದೆ, ಒಡೆಯಲಿಲ್ಲ. ಕತ್ತಲಾಗುವಷ್ಟರಲ್ಲಿ ಶಿಬಿರದ ದೀಪ ಕಂಡಿತು.

ಈಗ ನಾನು ಫೌಂಡ್ರಿಯ ಗೋಡೆಗೆ ಒರಗಿದ್ದೇನೆ. ಕಸ್ತೂರಿಯ ಕಾರಿಗೆ ನನ್ನ ತಮ್ಮ ಬಂದಿದ್ದಾನೆ. ಫಕೀರಪ್ಪನವರು ಕುಂಟುತ್ತಾ ಬಂದು ಎರಕಗಳ ಜೊತೆಗೆ ನನ್ನನ್ನೂ ತಟ್ಟುತ್ತಾರೆ. ನಾನು ಎಂದಿನಂತೆ ಥಪ್ ಎನ್ನುತ್ತೇನೆ.

ಮೊನ್ನೆ ಗಿರಾಕಿಯೊಬ್ಬರು ಅದನ್ನು ಕೇಳಿ, "ಇದು ಒಡದೈತ್ರಿ ಸಾವಕಾರ್ರ" ಎಂದರು.

"ಇಲ್ರೀ, ಅದರ ದನಿನ ಹಂಗ" ಎಂದರು ಫಕೀರಪ್ಪನವರು. "ಗಟ್ಟಿ ಐತಿ. ನಾ ಅದರ ಮ್ಯಾಲ ಮಲ್ಕೊಂಡ ಬಂದೇನಿ."