ಎರಡೆಳೆ ಬಲ್ಬು

ನೋಡಿ ಸ್ವಾಮಿ, ಹ್ಯಾಂಡ್‌ಪೋಸ್ಟಿಂದ ಹುಣಸೂರು ತನಕ ಯಾವ ಹಳೇ ಗಾಡಿ ಹಿಂದ್ಗಡೆ ಕೆಂಪಗೆ ಉರೀತಿದ್ರೂ ಅರ್ಧಕ್ಕರ್ಧ ಈ ವಸಂತನ ಕೈಕೆಲ್ಸ. ಆಟೋ ಎಲೆಕ್ಟ್ರಿಷಿಯನ್ನು. ಹೀರೋಗಳ ಎಂಟ್ರಿ ಮುಂದಿಂದ ಇರ್ತದೆ, ನಂದು ಗಾಡಿ ಹಿಂದಿಂದ. ನಾನು ಸ್ಕ್ರೂಡ್ರೈವರ್ ಹಿಡ್ಕಂಡು ಬಗ್ಗಿದ್ರೆ ಮ್ಯೂಸಿಕ್ಕು ತಾನಾಗೇ ಬರ್ಬೇಕು. ಬರ್ದೇ ಇದ್ರೆ ನಾನೇ ಬಾಯಲ್ಲಿ ಹೊಡ್ಕತೀನಿ.

ದೇವರಾಜಣ್ಣನ ಓಮ್ನಿ ಕತೆ ಕೇಳಿ. ಆ ಗಾಡಿ ನನಗಿಂತ ಎರಡು ವರ್ಷ ದೊಡ್ಡದು. ದಿನಾ ಬೆಳಿಗ್ಗೆ ತರಕಾರಿ ತುಂಬ್ಕಂಡು ಹುಣಸೂರು ಮಾರ್ಕೆಟ್ಟಿಗೆ ಹೋಗ್ತದೆ. ಹೋದ ಡಿಸೆಂಬರಲ್ಲಿ ಹಿಂದಿನ ಎರಡು ಲೈಟೂ ಸತ್ತೋದ್ವು. ಒಳಗೆ ನೀರು ನಿಂತು ಹೋಲ್ಡರೆಲ್ಲ ತುಕ್ಕು.

“ಮಂಜು ಬೀಳ್ತಾ ಅದೆ ಕಣ್ಲಾ. ನಾಳೆ ಬೆಳಿಗ್ಗೆ ಹೊತ್ಗೆ ಉರೀಬೇಕು,” ಅಂದ.

“ಅಣ್ಣ, ಸೂರ್ಯ ಲೇಟಾಗಿ ಬರ್ಬೋದು. ವಸಂತನ ಲೈಟು ಲೇಟಾಗಕ್ಕಿಲ್ಲ.”

“ಡೈಲಾಗ್ ಸಾಕು, ಸ್ಕ್ರೂ ಬಿಚ್ಚು.”

ಬಿಚ್ದೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಆ ಬಲ್ಬಲ್ಲಿ ಎರಡೆಳೆ ಇರ್ತದೆ. ಲೈಟ್ ಸ್ವಿಚ್ ಹಾಕಿದ್ರೆ ಸಣ್ಣೆಳೆ ಮಂಕಾಗಿ ಉರೀತದೆ. ಬ್ರೇಕ್ ತುಳಿದ್ರೆ ದೊಡ್ಡೆಳೆ ಝಗ್ ಅಂತದೆ. ಮಂಕಾಗಿದ್ರೆ ಗಾಡಿ ಹೋಗ್ತಾ ಅದೆ, ಝಗ್ ಅಂದ್ರೆ ನಿಲ್ತಾ ಅದೆ. ಹಿಂದಿನೋನಿಗೆ ಗೊತ್ತಾಗೋದೇ ಅಂಗೆ. ಯಾರೂ ಉಲ್ಟಾ ಹಾಕ್ಬಾರ್ದು ಅಂತ ಬಲ್ಬಿನ ಪಕ್ಕ ಎರಡು ಪಿನ್ನು ಕೊಟ್ಟವ್ರೆ, ಒಂದು ಮೇಲೆ, ಒಂದು ಕೆಳಗೆ. ಒಂದೇ ಕಡೆಯಿಂದ ಕೂರ್ತದೆ.

ಎರಡನ್ನೂ ಕೂರಿಸ್ದೆ. ಸ್ವಿಚ್ ಹಾಕ್ತಿದ್ದಂಗೆ ಅಂಗಡಿ ಗೋಡೆಯೆಲ್ಲ ಕೆಂಪು.

“ಇದೇನ್ಲಾ ಇಂಗೆ ಉರೀತದೆ? ಹೊಸದ್ರಲ್ಲೂ ಇಂಗಿರ್ಲಿಲ್ಲ.”

“ಬಲ್ಬಿಗೆ ಎರಡೆಳೆ ಅಣ್ಣ. ವಸಂತಂಗೆ ಒಂದೇ ಮಾತು.”

ಮೂರನೇ ದಿನ ಬೆಳಿಗ್ಗೆ ಆರೂವರೆ. ಕೈ ಚಾಚಿದ್ರೆ ಬೆರಳು ಕಾಣ್ದಂಗೆ ಮಂಜು. ಓಮ್ನಿ ಹಿಂದೆ ಬೈಕಲ್ಲಿ ಬರ್ತಿದ್ದೋನು ಯತೀಶ. ಒಂದೇ ಬೆಂಚಲ್ಲಿ ಕೂತು ಓದ್ದೋನು ನನ್ ಜೊತೆ. ಕಾಡಂಚಿನ ಗಿರಿಜನರ ಹಾಡಿಗಳಿಂದ ಮಕ್ಕಳನ್ನ ಸ್ಕೂಲಿಗೆ ತರೋ ವ್ಯಾನ್ ಓಡಿಸ್ತಿದ್ದ. ಮಕ್ಕಳು ಅವನ್ನ ಯತಿಮಾಮ ಅಂತಿದ್ವು. ರೋಡಿಗೆ ಎಮ್ಮೆ ಬಂತು ಅಂತ ದೇವರಾಜಣ್ಣ ಬ್ರೇಕ್ ತುಳ್ದ. ಯತೀಶ ಬಂದ ಸ್ಪೀಡಲ್ಲೇ ಹಿಂದ್ಗಡೆಗೆ ನುಗ್ದ. ಬಲಗಾಲು ಮೊಣಕಾಲ ಕೆಳಗೆ ಎರಡು ತುಂಡು. ರಾಡ್ ಹಾಕಿದ್ರು. ಐದು ತಿಂಗಳು ಮಂಚ.

ಬಲಗಡೆ ಲೈಟ್ ಒಡೆದಿತ್ತು. ಎಡಗಡೇದು ಎಲ್ರೂ ಬಂದು ನೋಡೋ ತನಕ ಉರೀತಾನೇ ಇತ್ತು. ಟೀ ಅಂಗಡೀಲಿ ಎಲ್ಲಾ ನನ್ನನ್ನೇ ಕೇಳಿದ್ರು.

“ಲೈಟಾ? ಅದ್ನ ನೋಡಿ ಕೋಳಿಗಳು ಬೆಳಗಾಯ್ತು ಅಂತ ಕೂಗ್ತವೆ,” ಅಂದೆ. “ಯತೀಶಂಗೆ ಹುಡ್ಗೀರ ದುಪಟ್ಟ ಬುಟ್ರೆ ಬೇರೆ ಕೆಂಪು ಕಾಣಕ್ಕಿಲ್ಲ ಬುಡಿ.”

ಟೀ ಅಂಗಡಿಗೆ ಅಂಗಡಿನೇ ನಗ್ತು. ಸಾಯಂಕಾಲಕ್ಕೆ ‘ಕೆಂಪ್ ಕಾಣ್ದೋನು’ ಅಂತ ಹೆಸ್ರು ಬಿತ್ತು. ವಾರದಲ್ಲಿ ಆ ಹೆಸ್ರು ವ್ಯಾನ್ ಹೋಗೋ ಹಾಡಿಗಳಿಗೂ ಹೋಯ್ತು. ನನ್ನ ಡೈಲಾಗು ಯಾವಾಗ್ಲೂ ಅಂಗೇ, ಸೂಪರ್ ಹಿಟ್ಟು.

ಮೇ ಕೊನೇಲಿ, ಸ್ಕೂಲ್ ಶುರುವಾಗೋಕೆ ಮುಂಚೆ, ವ್ಯಾನಿನ ಶೆಡ್ ಮುಂದೆ ಮಕ್ಕಳ ಮನೆಯೋರೆಲ್ಲ ಸೇರಿದ್ರು. ಯತೀಶಂಗೆ ವ್ಯಾನ್ ಕೊಡೋದಾ ಬ್ಯಾಡ್ವಾ ಅಂತ ತೀರ್ಮಾನ. ಅವನು ಕೋಲು ಊರ್ಕಂಡು ಬಂದು ನಿಂತ. ಹಾಡಿಯಿಂದ ಕುಳ್ಳಮ್ಮ ಬಂದಿದ್ಲು. ಮೂರನೇ ಕ್ಲಾಸಿನ ಮೊಮ್ಮಗಳು ಅದೇ ವ್ಯಾನಲ್ಲಿ ಹೋಗ್ತಾಳೆ. ಮುದುಕಿ ಎದ್ದು ಸೀರೆ ಸೆರಗು ಎತ್ತಿ ಅವನ ಮುಂದೆ ಹಿಡಿದ್ಲು.

“ಇದ್ಯಾವ ಬಣ್ಣ ಯೋಳು ಮಗ.”

“ಕೆಂಪು ಕಣವ್ವ.”

“ಮತ್ತೆ ಅವತ್ತು?”

“ಅವತ್ತೂ ಕಾಣ್ತು. ದೂರದಿಂದ್ಲೇ ಕಾಣ್ತು. ಒಂದೇ ಸಮ ಉರೀತಿತ್ತು. ಗಾಡಿ ನಿಂತಿದ್ದು ಗೊತ್ತಾಗ್ಲಿಲ್ಲ.”

“ಕಂಡ್ ಮ್ಯಾಲೂ ಓಗಿ ಗುದ್ದುದ್ಯಾ? ನಿನ್ನ ಮ್ಯಾಲೆ ನಂಗೆ ಕ್ವಾಪ ಇಲ್ಲ ಮಗ. ನಂಗಿರೋದು ಒಂದೇ ಕೂಸು.”

ಯತೀಶ ನನ್ನ ಕಡೆ ತಿರುಗ್ದ. “ವಸಂತ, ಲೈಟ್ ಹಾಕ್ದೋನು ನೀನು. ನೀನೇ ಯೋಳ್ಲಾ.”

“ಲೈಟು ಚೆನ್ನಾಗೇ ಉರೀತಿತ್ತು,” ಅಂದೆ.

ಸುಳ್ಳಲ್ಲ, ನೋಡಿ. ಒಂದಕ್ಷರ ಸುಳ್ಳಿಲ್ಲ. ವ್ಯಾನಿನ ಕೀ ಬೇರೆಯೋನ ಕೈಗೆ ಹೋಯ್ತು.

ಈಗ ಸಂಜೆ ಆಯ್ತು ಅಂದ್ರೆ ಯತೀಶ ರೋಡ್ ಪಕ್ಕದ ಮೋರಿ ಕಟ್ಟೆ ಮೇಲೆ ಕೂರ್ತಾನೆ. ಒಂದು ಕಣ್ಣು ಮುಚ್ಕಂಡು ಹೋಗೋ ಗಾಡಿಗಳ ಹಿಂದ್ಗಡೆ ನೋಡ್ತಾನೆ. ಆಮೇಲೆ ಇನ್ನೊಂದು ಕಣ್ಣು ಮುಚ್ಕಂಡು ನೋಡ್ತಾನೆ. ಮೈಸೂರಲ್ಲಿ ಡಾಕ್ಟ್ರು ಕಣ್ಣು ಸರಿ ಅವೆ ಅಂದವ್ರೆ. ಅವನು ನಂಬಕ್ಕಿಲ್ಲ. ಮೊನ್ನೆ ಹೋಗಿ ಪಕ್ಕದಲ್ಲಿ ಕೂತೆ.

“ಅಗೋ ಆ ಜೀಪು,” ಅಂದ. “ನಿಂತದಾ, ಹೋಯ್ತಾ ಅದಾ? ನಂಗೆ ನಿಂತಂಗೆ ಕಾಣ್ತದೆ. ನೀನು ಯೋಳು, ಸರಿಯಾ?”

ನಿಂತಿತ್ತು. ನಾನು ಜೇಬಿಂದ ಒಂದು ಹಳೇ ಬಲ್ಬ್ ತೆಗೆದು ಅವನ ಕೈಗೆ ಇಟ್ಟೆ. ಅವನೂ ಗಾಡಿಯೋನೇ ತಾನೆ. ಹೆಬ್ಬೆಟ್ಟಲ್ಲಿ ಒಂದು ಪಿನ್ ಸವರ್ದ, ಇನ್ನೊಂದು ಸವರ್ದ, ಮತ್ತೆ ಮೊದಲ್ನೇದಕ್ಕೆ ಬಂದ.

“ಇದನ್ನ ಉಜ್ಜಿದ್ಯಾರ್ಲಾ?”



“ನಾನು,” ಅಂದೆ.

ಆಮೇಲೆ ಎಲ್ಲಾ ಹೇಳ್ದೆ. ಬಲಗಡೆ ಹೋಲ್ಡರ್ ತುಕ್ಕು ಹಿಡ್ದು ತಿಂದೋಗಿತ್ತು, ಬಲ್ಬ್ ಸರಿ ದಿಕ್ಕಲ್ಲಿ ಕೂರ್ಲಿಲ್ಲ. ಹೊಸ ಹೋಲ್ಡರಿಗೆ ಹುಣಸೂರಿಗೆ ಹೋಗ್ಬೇಕಿತ್ತು, ಸೋಂಬೇರಿತನ. ಅರ ತಗಂಡು ಪಿನ್ ಉಜ್ಜಿ, ಉಲ್ಟಾ ತಿರುಗಿಸಿ ತುರುಕ್ದೆ. ಸ್ವಿಚ್ ಹಾಕಿದ್ರೆ ಬಲಗಡೆ ಝಗ್ ಅಂತು, ಎಡಗಡೆ ಮಂಕು. ನೋಡಕ್ಕೆ ಏರುಪೇರು. ಎರಡೂ ಒಂದೇ ತರ ಕಾಣ್ಲಿ ಅಂತ, ಸರಿಯಾಗಿ ಕೂತಿದ್ದ ಎಡಗಡೇದನ್ನೂ ಕಿತ್ತು ಉಜ್ಜಿ ಉಲ್ಟಾ ಮಾಡ್ದೆ. ದೊಡ್ಡೆಳೆ ಮೊದ್ಲೇ ಉರೀತಿರ್ತದೆ, ಬ್ರೇಕ್ ತುಳಿದ್ರೂ ಬೆಳಕು ಒಂಚೂರೂ ಬದಲಾಗಕ್ಕಿಲ್ಲ ಅಂತ ಅವತ್ತೇ ಗೊತ್ತಿತ್ತು. ದೇವರಾಜಣ್ಣ ಹೊಗಳ್ದ, ನಾನು ಸುಮ್ನಾದೆ. ಯತೀಶ ಬಿದ್ದ ದಿನಾನೇ ಎರಡನ್ನೂ ಬಿಚ್ಚಿ, ಹೋಲ್ಡರ್ ಸಮೇತ ಹೊಸದು ಹಾಕಿ, ಉಜ್ಜಿದ್ ಬಲ್ಬುಗಳನ್ನ ಡಬ್ಬೀಲಿ ಬಚ್ಚಿಟ್ಟೆ.

“ಒಂದೇ ಸಮ ಉರೀತಿತ್ತು ಅಂದ್ಯಲ್ಲ,” ಅಂದೆ. “ಅಂಗೇ ಉರೀತಿತ್ತು ಕಣ್ಲಾ. ನಿನ್ನ ಕಣ್ಣು ಸರಿಯಾಗೇ ನೋಡಿದ್ವು.”