ಮಸಿ ಬಳಿದ ದಾಸಿ

ಡೊರೀನ್ ತುಟಿ ಬಿಗಿದುಕೊಂಡು ಮುಖವನ್ನು ಗೋಡೆಗೆ ತಿರುಗಿಸಿದಳು. ಮಾತ್ರೆಯ ಪುಟ್ಟ ಕಪ್ ಹಿಡಿದ ನರ್ಸ್ ಎಸ್ತೇರ್ ಹಾಗೇ ನಿಂತಳು.

"ರಾಣಿಗೆ ವಿಷ ಕೊಟ್ಟವಳು ನೀನೇ," ಎಂದಳು ತೊಂಬತ್ತೊಂದರ ಮುದುಕಿ. "ನಾನು ನೋಡಿದೆ."

ಪರದೇಶದ ಹೆಂಡರ್ಸನ್ ಊರಿನ ಈ ವೃದ್ಧಾಶ್ರಮದಲ್ಲಿ ಎರಡು ವರ್ಷದಿಂದ ಎಸ್ತೇರ್ ಕೊಟ್ಟರೆ ಮಾತ್ರ ಹೃದಯದ ಮಾತ್ರೆ ನುಂಗುತ್ತಿದ್ದವಳು ಅವಳು. ಈಸ್ಟರ್ ವಾರವೆಂದು ಮಧ್ಯಾಹ್ನ ಹಾಲ್‌ನ ಟಿವಿಯಲ್ಲಿ ಹಾಲಿವುಡ್ಡಿನ ನೂರು ವರ್ಷ ಹಳೆಯ ಮೂಕಿ ಚಿತ್ರ ಹಾಕಿದ್ದರು. ಬೈಬಲಿನ ಕಾಲದ ಕಥೆ. ಪ್ರವಾದಿ, ರಾಣಿ, ದೇವದೂತರು ಎಲ್ಲರೂ ಹಾಲಿನಂತೆ ಬಿಳಿ. ವಿಷದ ಬಟ್ಟಲು ತರುವ ದಾಸಿ ಮಾತ್ರ ಎಸ್ತೇರಳಂತೆ ಕಪ್ಪು. ಅವಳೂ ಬಿಳಿಯ ನಟಿಯೇ. ಬಳಿದ ಮಸಿ ಕತ್ತಿನ ಹತ್ತಿರ ಮುಗಿದಿದ್ದ ಗೆರೆ ಎಸ್ತೇರಳಿಗೆ ದೂರದಿಂದಲೇ ಕಂಡಿತ್ತು.

ಜೊತೆಗೆ ಕೆಲಸ ಮಾಡುವ ಮೈಸೂರಿನ ಜಯಲಕ್ಷ್ಮಿ ಪಿಸುಗುಟ್ಟಿದಳು: "ಎಸ್ತೇರಕ್ಕಾ, ಕೆಲ್ಲಿ ಕೈಲಿ ಕೊಡ್ಸಿಬಿಡಿ. ಈ ವಯಸ್ಸಲ್ಲಿ ಅವರಿಗೇನ್ ಗೊತ್ತಾಗತ್ತೆ?"

"ಏನೂ ಗೊತ್ತಾಗಲಾರದವರಿಗೆ ಇದೊಂದು ಹ್ಯಾಂಗ ಗೊತ್ತಾತು, ಜಯಾ?"

ಆದರೂ ಕೆಲ್ಲಿಯನ್ನು ಕರೆದಳು. ಕೆಲಸಕ್ಕೆ ಸೇರಿ ವಾರವಾಗಿದ್ದ ಹೊಂಗೂದಲ ಹುಡುಗಿ. ಡೊರೀನ್ ಬಾಯಿ ತೆರೆದಳು. ಎಸ್ತೇರ್ ಬಾಗಿಲಲ್ಲೇ ನಿಂತು ನೋಡಿ, ಚಾರ್ಟಿಗೆ ಸಹಿ ಹಾಕಿದಳು.

ಐದು ಗಂಟೆಗೆ ಮ್ಯಾನೇಜರ್ ಕರೆದ. ಡೊರೀನಳ ನೆಮ್ಮದಿಗಾಗಿ ನಾಳೆಯಿಂದ ಎಸ್ತೇರ್ ಆಚೆ ವಿಭಾಗದಲ್ಲಿರಲಿ ಎಂದ.

"ಆಗಲಿ," ಎಂದಳು. ಜಗಳವಾಡುವಷ್ಟು ತ್ರಾಣವಿರಲಿಲ್ಲ. ಎದ್ದವಳು ಮತ್ತೆ ಕೂತಳು. "ಭಾನುವಾರ ಆ ಚಿತ್ರ ಮತ್ತೆ ಹಾಕಬೇಡಿ."

"ಇಲ್ಲಿರುವವರ ಮನೆಯವರೆಲ್ಲ ಅವತ್ತು ನೋಡಲು ಬರುತ್ತಾರಲ್ಲ. ನೀವೂ ಕ್ರಿಶ್ಚಿಯನ್, ನಿಮಗೆ ಇಷ್ಟವಾಗುತ್ತದೆ ಅಂದುಕೊಂಡಿದ್ದೆ."

ಎಸ್ತೇರ್ ಮೇಜಿನ ಅಂಚನ್ನು ನೋಡುತ್ತ ಹೇಳಿದಳು. ಗದಗ-ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಇಂಥದ್ದೇ ಒಂದು ಚಿತ್ರ ತೋರಿಸಿದ್ದರು. ಅದರಲ್ಲೂ ಮಸಿ ಮುಖದ ಒಬ್ಬ ಹೆಂಗಸಿದ್ದಳು. ಏಳು ವರ್ಷದ ಎಸ್ತೇರ್ ಅವಳಿಗೆ ಹೆದರಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆ ವರ್ಷದ ಕ್ರಿಸ್ಮಸ್ ನಾಟಕದಲ್ಲಿ ಯೇಸುವಿನ ತಾಯಿ ಮರಿಯಳ ಪಾತ್ರ ಕೇಳಿದಾಗ ಟೀಚರ್ ನಕ್ಕು, ಅವಳ ಕೈಗೆ ದಾಸಿಯ ಬೀಸಣಿಕೆ ಕೊಟ್ಟಿದ್ದರು.

"ನನಗೂ ಅದು ಸರಿ ಅಂತಲೇ ಅನಿಸಿತ್ತು," ಎಂದಳು. "ಡೊರೀನ್ ಮೇಲೆ ನನಗೆ ಸಿಟ್ಟಿಲ್ಲ."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನೋಡೋಣ."

ಹೊರಗೆ ಜಯಲಕ್ಷ್ಮಿ ಕಾಯುತ್ತಿದ್ದಳು. "ಹೇಳಿದ್ರಾ?"

"ಹೇಳೀನಿ. ನೋಡೋಣ ಅಂದ್ರು." ಎಸ್ತೇರ್ ಗೋಡೆಗೆ ಒರಗಿದಳು.

ಕತ್ತಲಾಗುವ ಹೊತ್ತಿಗೆ ಡೊರೀನಳ ಕೋಣೆಯ ಕರೆಗಂಟೆ ಬಡಿಯಿತು. ಕೆಲ್ಲಿ ಮನೆಗೆ ಹೋಗಿಯಾಗಿತ್ತು. ಜಯಲಕ್ಷ್ಮಿ ಇನ್ನೊಬ್ಬರಿಗೆ ಸ್ನಾನ ಮಾಡಿಸುತ್ತಿದ್ದಳು. ಎಸ್ತೇರ್ ಒಳಗೆ ಹೋದಳು. ಹಾಸಿಗೆ ಒದ್ದೆಯಾಗಿತ್ತು, ಮುದುಕಿ ನಾಚಿಕೆಯಿಂದ ಸಣ್ಣಗೆ ಅಳುತ್ತಿದ್ದಳು. ಎಸ್ತೇರ್ ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಒತ್ತದೆ ತೆಗೆದಳು. ಮಬ್ಬಿನಲ್ಲೇ ಮೈ ಒರೆಸಿದಳು, ಹಾಸು ಬದಲಿಸಿದಳು, ಹೊದಿಕೆಯನ್ನು ಗಲ್ಲದವರೆಗೆ ಎಳೆದಳು.

"ಎಷ್ಟು ತಣ್ಣಗಿದೆ ನಿನ್ನ ಕೈ," ಎಂದಳು ಡೊರೀನ್. ಆ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜತೊಡಗಿದಳು.

ಕಾರಿಡಾರಿನಲ್ಲಿ ಊಟದ ಗಾಡಿ ಒಂದೊಂದೇ ಬಾಗಿಲಲ್ಲಿ ನಿಲ್ಲುತ್ತ ಇತ್ತಲೇ ಬರುತ್ತಿತ್ತು. ನಿಂತಲ್ಲೆಲ್ಲ ಕೋಣೆಯ ದೀಪ ಹತ್ತುತ್ತಿತ್ತು.