ಹಿಡಿಕಡ್ಡಿ ಇಟ್ಟ ಪುಟಗಳು

ನಾನು ಒಮ್ಮೆಗೆ ಎರಡು ಕಾದಂಬರಿ ಓದುವವಳು. ಒಂದು ನನಗೆ, ಒಂದು ಅವ್ವನಿಗೆ. ನನ್ನದರಲ್ಲಿ ನಾಯಕ ನೂರು ಪುಟದಿಂದ ಕಿಟಕಿಯ ಬಳಿ ನಿಂತು ಯೋಚಿಸುತ್ತಲೇ ಇದ್ದಾನೆ. ಭಾಷೆ ಚೆಂದ, ಆದರೆ ಅವನು ಬದುಕಿದರೂ ಸತ್ತರೂ ನನಗೇನೂ ಅನಿಸದು. ಅವನ ಸುದ್ದಿ ಹೇಳಿದರೆ "ಅಂವ ಊಟನಾದ್ರೂ ಮಾಡ್ದ್ನೇ?" ಎಂದು ಅವ್ವ ನಗುತ್ತಿದ್ದಳು. ಅವಳದು ಮನೆಯಿಂದ ಹೊರಬಿದ್ದ ಸೊಸೆಯೊಬ್ಬಳ ಗೋಳು, ಐನೂರು ಪುಟ. ಪುಟಕ್ಕೆರಡು ಸಲ ಅಳು. ಓದುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಮಾಸ್ತಮ್ಮನಿಗೆ ಓದು ಬಾರದು. ನೀರು ಇಳಿದಾಗ ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ತರುತ್ತಿದ್ದಳು. ಸಂಜೆ ನಾನು ಕುಮಟೆಯ ಶಾಲೆಯಲ್ಲಿ ಪಾಠ ಮುಗಿಸಿ ಬಂದ ಮೇಲೆ, ಜಗುಲಿಯಲ್ಲಿ ನನ್ನೆದುರು ಕೂತು ಬೆಂದ ಬಳಚಿನ ಚಿಪ್ಪು ಬಿಡಿಸುತ್ತ ಕತೆ ಕೇಳುವಳು. "ಮುಂದೆಂತ ಆತು?" ಎನ್ನದೆ ಒಂದು ದಿನವೂ ಎದ್ದವಳಲ್ಲ.

ದಣಿವೋ ಬೇಸರವೋ, ನಾನು ಕೆಲವೊಮ್ಮೆ ನಾಲ್ಕೈದು ಹಾಳೆ ಒಟ್ಟಿಗೇ ಮಗುಚಿ, "ಅಷ್ಟರಲ್ಲಿ ಮಳೆಗಾಲ ಬಂತು" ಎಂದು ತೇಪೆ ಹಚ್ಚುತ್ತಿದ್ದೆ. ಅವ್ವ ಒದ್ದೆ ಕೈ ಚಾಚಿ, ಪೊರಕೆಯಿಂದ ಒಂದು ಹಿಡಿಕಡ್ಡಿ ಮುರಿದು ಆ ಹಾಳೆಗಳ ನಡುವೆ ಇಡುತ್ತಿದ್ದಳು.

"ಎಂತಕ್ಕವ್ವಾ?"

"ಇರ್ಲಿ ಬಿಡು. ಓದು."

ಅವಳ ಕಣ್ಣಿಗೆ ಮಣ್ಣೆರಚಿದೆ ಎಂದೇ ನಾನು ತಿಳಿದಿದ್ದೆ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ. ಕತೆ ಇನ್ನೂ ನಲವತ್ತು ಪುಟ ಉಳಿದಿತ್ತು.

ಹನ್ನೆರಡನೆಯ ದಿನ, ಅವಳ ಜೊತೆ ಬಳಚಿಗೆ ಹೋಗುತ್ತಿದ್ದ ಸಣ್ಣಿ ನನ್ನ ಪಕ್ಕ ಬಂದು ಕೂತಳು.

"ಚಂದನಾ, ಆ ಪುಸ್ತಕ ಮುಗೀತೇನೆ? 'ಹುಡ್ಗಿ ದಣಿದು ಬತ್ತದೆ, ಪಾಪ, ಹಾರ್ಸಿ ಹಾರ್ಸಿ ಓದ್ತದೆ. ಬಿಟ್ಟಲ್ಲೆಲ್ಲ ಕಡ್ಡಿ ಇಟ್ಟಿದ್ದೆ, ಮೇ ರಜೆಲಿ ಓದ್ಸ್ಕಂತೆ' ಅಂತಿತ್ತು ನಿನ್ನವ್ವ."

ಎಲ್ಲ ಗೊತ್ತಿದ್ದೂ ಅವ್ವ ನನ್ನ ಬಳಿ ಒಂದು ಮಾತು ಆಡಿರಲಿಲ್ಲ.

ಮೇ ರಜೆ ಬಂತು. ಪುಸ್ತಕದಲ್ಲಿ ಹತ್ತೊಂಬತ್ತು ಕಡ್ಡಿಗಳಿದ್ದವು. ದಿನಾ ಸಂಜೆ ಜಗುಲಿಯಲ್ಲಿ ಅವಳ ಮಣೆಯ ಎದುರು ಕೂತು, ಹಾರಿಸಿದ್ದನ್ನೆಲ್ಲ ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಓದಿದೆ. ಸುಳ್ಳೇಕೆ, ಬರವಣಿಗೆ ಈಗಲೂ ಕೆಟ್ಟದ್ದೇ. ಪುಟಕ್ಕೆರಡು ಸಲ ಅಳುತ್ತಾರೆ. ನಾನೂ ಅತ್ತೆ.

ಕಡ್ಡಿಗಳೆಲ್ಲ ಮುಗಿದವು. ಕೊನೆಯ ನಲವತ್ತು ಪುಟ ಮಾತ್ರ ಓದಿಲ್ಲ. ಸೊಸೆ ಮನೆಗೆ ಮರಳಿದಳೋ ಇಲ್ಲವೋ, ಅವ್ವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗುವುದು ಬೇಡ.